ಅನ್ಸ್ರಾಕ್ಕೆ ಮುಂಚೆ ಹೂಬಿಟ್ಟ ಗಿಡ

ನಮ್ಮ ಮನೆಗೂ ಮಸೀದಿಗೂ ನಡುವೆ ಇರುವುದು ಒಂದೇ ಗೋಡೆ. ನಾನು ಆ ಬದಿಯಲ್ಲಿ ಕೂತು ಕುರ್‌ಆನ್ ಪಠಿಸುವಾಗ ಎಲ್ಲಾದರೂ ಒಂದು ಪದ ಜಾರಿದರೆ ಈ ಬದಿಯಿಂದ ಎರಡು ಸಲ ಬಡಿದ ಸದ್ದು ಬರುತ್ತಿತ್ತು. ಟಕ್, ಟಕ್. ತಾಮ್ರದ ಬಿಂದಿಗೆಯ ಮೇಲೆ ಬೆಳ್ಳಿಯುಂಗುರದ ಸದ್ದು. ನಾನು ನಿಲ್ಲಿಸಿ, ಹಿಂದಕ್ಕೆ ಹೋಗಿ, ಸರಿಯಾದ ಪದ ಹಿಡಿದುಕೊಂಡು ಮುಂದೆ ಸಾಗುತ್ತಿದ್ದೆ. ಮಸೀದಿಯಲ್ಲಿ ನನ್ನ ಜೊತೆ ಕೂರುವ ಮುದುಕರಿಗೆ ಇದು ಎಷ್ಟು ರೂಢಿಯಾಗಿತ್ತೆಂದರೆ, ಸದ್ದು ಬಂದಾಗ ಅವರು ತಲೆಯನ್ನೂ ಎತ್ತುತ್ತಿರಲಿಲ್ಲ.

ಬಡಿಯುತ್ತಿದ್ದವಳು ನನ್ನ ಅಕ್ಕ ತಮೀಮುಂತ್. ಅವಳಿಗೆ ಓದಲು ಬಾರದು. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅವಳಿಗೆ ಹದಿನಾಲ್ಕು. ನನ್ನನ್ನು ಮಸೀದಿಯ ಪಾಠಕ್ಕೆ ಕಳಿಸಿ, ತಾನು ಈಚೆ ಹಿಟ್ಟು ನಾದುತ್ತ, ಉಣ್ಣೆ ನೂಲುತ್ತ, ಗೋಡೆಯ ಮೂಲಕ ಕೇಳಿಸಿಕೊಂಡದ್ದಷ್ಟೇ ಅವಳ ವಿದ್ಯೆ. ನಾನು ಹಲಗೆಯ ಮೇಲೆ ಬರೆದು ಅಳಿಸಿ ಕಲಿತದ್ದನ್ನು ಅವಳು ಬರೆಯದೆ ಕಲಿತಳು. ಆದ್ದರಿಂದಲೇ ಇರಬೇಕು, ಅವಳಲ್ಲಿ ಅದು ಅಳಿಸಲಿಲ್ಲ.

ಮೊದಲ ಸಂಬಂಧ ಬಂದಾಗ “ತಮ್ಮ ಇನ್ನೂ ಚಿಕ್ಕೋನು” ಎಂದಳು. ಎರಡನೆಯದು ಬಂದಾಗ “ತಮ್ಮ ಓದ್ತಾ ಇದಾನೆ” ಎಂದಳು. ಆಮೇಲೆ ಅಪ್ಪನೂ ಹೋದ. ಅಪ್ಪ ಕೊಡುತ್ತಿದ್ದ ಬಾಂಗು ನನ್ನ ಪಾಲಿಗೆ ಬಂತು. ನನ್ನ ಮದುವೆಯೂ ಆಯಿತು. ಅಷ್ಟು ಹೊತ್ತಿಗೆ ಅವಳನ್ನು ಕೇಳಿಕೊಂಡು ಬರುವವರು ನಿಂತುಹೋಗಿದ್ದರು. ಹೋದ ವರ್ಷ ಅವಳಿಗೆ ಐವತ್ತೊಂದು ತುಂಬಿತು.

ನಮ್ಮ ಊರು ಅಗ್ಬಾಲು ಇರುವುದು ರೀಫ್ ಬೆಟ್ಟಗಳ ಮಡಿಲಲ್ಲಿ. ಇಲ್ಲಿ ಕೀಫ್ ಬಿಟ್ಟರೆ ಬೇರೆ ಬೆಳೆ ನೆಲ ಹಿಡಿಯುವುದಿಲ್ಲ. ಹೊರಗಿನವರು ಅದನ್ನೇ ಗಾಂಜಾ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದನ್ನು ಬೆಳೆದರೇ ಹೊರತು ಯಾರೂ ಸೇದಿದವರಲ್ಲ. ಕೆಲವು ವರ್ಷಗಳ ಹಿಂದಿನವರೆಗೆ ಜೀಪಿನ ಸದ್ದು ಕೇಳಿದರೆ ಗಂಡಸರು ಗುಡ್ಡ ಹತ್ತಿ ಕೂರುತ್ತಿದ್ದರು. ಈಗ ಪರವಾನಗಿ ಕಾಗದವಿದೆ, ಸಹಕಾರ ಸಂಘವಿದೆ, ಬೆಳೆ ಔಷಧಿ ಮಾಡುವವರಿಗೆ ಹೋಗುತ್ತದೆ. ಅವ್ವನ ಪಾಲಿನ ಕೆಳಗಿನ ಮೆಟ್ಟಿಲು ಹೊಲದ ಕಾಗದ ಅಕ್ಕನ ಹೆಸರಿಗೇ ಬಂತು. ಹೆಬ್ಬೆಟ್ಟು ಒತ್ತಿದ ದಿನ ಅವಳು ಶಾಯಿಯನ್ನು ಸಂಜೆಯವರೆಗೆ ತೊಳೆಯಲಿಲ್ಲ.

ಸಂಘದಿಂದ ಬೀಜ ಹಂಚುವವನು ಅಲ್ಲಾಲ್. ಕಣಿವೆಯ ಆಚೆ ದಂಡೆಯವನು. ನಮ್ಮ ಮಾಳಿಗೆಯಿಂದ ಅವನ ಮನೆಯ ಹೊಗೆ ಕಾಣುತ್ತದೆ. ಹೆಂಡತಿ ತೀರಿ ಆರು ವರ್ಷ. ಏಪ್ರಿಲ್ ಕೊನೆಯಲ್ಲಿ ಒಂದು ದಿನ ಹೇಸರಗತ್ತೆಯನ್ನು ನಮ್ಮ ಅಂಜೂರದ ಮರಕ್ಕೆ ಕಟ್ಟಿ, ಕಾಗದದ ಪೊಟ್ಟಣವೊಂದನ್ನು ಅಕ್ಕನ ಅಂಗೈಗೆ ಸುರಿದು, ಗಂಡಸರಿಗೆ ಸೀದಿ ಎಂದಂತೆ ಹೆಂಗಸರಿಗೆ ಸಲ್ಲುವ ‘ಲಲ್ಲಾ’ ಎಂಬ ಮರ್ಯಾದೆ ಸೇರಿಸಿ ಹೇಳಿದ.

“ಲಲ್ಲಾ ತಮೀಮುಂತ್, ಎಣಿಸ್ಕೊಳ್ಳಿ, ನಲವತ್ತು ಕಾಳು. ಹೊಸಾ ತಳಿ. ಆಳಿಗಿಂತ ಎತ್ತರ ಬೆಳೀತವಂತೆ. ಇನ್ನೊಂದು ವಿಶೇಷ: ಇವೆಲ್ಲಾ ಹೆಣ್ಣೇ. ಗಂಡು ಗಿಡ ಹುಡುಕಿ ಕೀಳೋ ಕೆಲಸಾನೇ ಇಲ್ಲ.”

ಒಳಗಿನಿಂದ ನನ್ನ ಹೆಂಡತಿ ರಬ್ಹಾ ಕೂಗಿದಳು. “ಗಂಡೇ ಇಲ್ಲದ ಹೊಲಾನ? ಹಂಗಾದ್ರೆ ನನ್ನನ್ನೂ ಅಲ್ಲೇ ಒಂದು ಗುಂಡಿ ತೋಡಿ ನೆಟ್ಬಿಡಿ!”

ಅಕ್ಕ ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿಯದೆ, ತಲೆ ಹಿಂದಕ್ಕೆ ಹಾಕಿ ನಕ್ಕಳು. ಮೂವತ್ತೇಳು ವರ್ಷ ಅವಳ ಕೈಯ ಊಟ ಉಂಡ ನಾನು ಆ ನಗುವನ್ನು ಕೇಳಿರಲಿಲ್ಲ. ಅಲ್ಲಾಲ್ ಆಮೇಲೆ ಏನೇನೋ ಹೇಳಿದ: ಸೂರ್ಯ ಎಂದ, ದಿನ ಎಂದ, ಎಣಿಕೆ ಎಂದ, ಕೈಯಾಡಿಸಿ ತೋರಿಸಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಕೇಳಿಸಿಕೊಳ್ಳುವುದೊಂದೇ ನನಗೆ ಬರುವ ವಿದ್ಯೆ ಎಂದು ಊರು ಹೇಳುತ್ತದೆ. ಆ ದಿನ ಅವನ ಒಂದು ಮಾತೂ ನನ್ನ ಕಿವಿಯೊಳಕ್ಕೆ ಇಳಿಯಲಿಲ್ಲ. ನಾನು ಆ ನಗುವಿನಲ್ಲೇ ನಿಂತುಬಿಟ್ಟಿದ್ದೆ.

ಹತ್ತು ದಿನ ಕಳೆದ ಮೇಲೆ ರಬ್ಹಾ ನನ್ನ ಮುಂದೆ ಬಿಸಾರಾ ಸಾರಿನ ಬಟ್ಟಲು ಇಟ್ಟು ಪಕ್ಕದಲ್ಲಿ ಕೂತಳು. ಅವಳು ಹಾಗೆ ಕೂತರೆ ವಿಷಯ ಇದೆ ಎಂದೇ ಅರ್ಥ.

“ಅಲ್ಲಾಲ್‌ನ ತಂಗಿ ಒರತೆ ಹತ್ರ ಸಿಕ್ಕಿದ್ಳು. ನಮ್ಮ ಲಲ್ಲಾನ ಕೇಳ್ತಾ ಇದಾರೆ.”

“ಏನು ಕೇಳ್ತಾ ಇದಾರೆ?”

“ಮೊಸರಿಗೆ ಹೆಪ್ಪು! ಮದುವೆಗೆ ಕಣ್ರೀ ಸೀದಿ. ಅಕ್ಕಂಗೆ ನಾನೇ ಹೇಳ್ದೆ. ‘ಅನ್ಸ್ರಾ ಆಗ್ಲಿ, ಅಷ್ಟೊತ್ತಿಗೆ ಗಿಡಾನೂ ಆಳುದ್ದ ಆಗಿರ್ತವೆ, ಹೇಳ್ತೀನಿ’ ಅಂದ್ಳು. ನಿಮ್ಮನ್ನೂ ಒಂದು ಮಾತು ಕೇಳ್ಬೇಕಲ್ಲ. ನೀವು ತಾನೆ ಮನೆಯ ಗಂಡಸು.”

“ಅಕ್ಕ ಹೆಂಗಂತಾಳೋ ಹಂಗೆ,” ಎಂದೆ.

“ಬಾಯಿ ಹಂಗಂತು. ಮುಖ ಬೇರೆ ಏನೋ ಅಂತಾ ಇದೆ. ನಿಮಗೆ ಅಕ್ಕನಾ ಅವಳು, ಅವ್ವನಾ? ಮೊದ್ಲು ಅದನ್ನ ತೀರ್ಮಾನ ಮಾಡ್ಕೊಳ್ಳಿ.”

ಅನ್ಸ್ರಾ ಎಂದರೆ ಹಗಲು ಬೆಳೆದು ಬೆಳೆದು ಸಾಕಾಗಿ ಹಿಂದಕ್ಕೆ ಹೊರಳಿದ ಮೇಲೆ, ಜುಲೈ ಮೊದಲ ವಾರದಲ್ಲಿ ಬರುವ ಹಬ್ಬ. ಅದು ಬಾರದೇ ಇರಲಿ ಎಂದು ನಾನು ಬೇಡಿಕೊಳ್ಳಲಿಲ್ಲ. ಅಷ್ಟು ದೇವರ ಭಯ ಇತ್ತು. ಬೇಗ ಬರಲಿ ಎಂದೂ ಬೇಡಿಕೊಳ್ಳಲಿಲ್ಲ.

*

ಇಲ್ಲಿ ನಮ್ಮ ಊರಿನ ಒಂದು ಕಟ್ಟಳೆ ಹೇಳಬೇಕು. ನಮ್ಮ ಹಳೆಯ ಕೀಫ್ ಹೂಬಿಡುವುದು ಸೂರ್ಯನನ್ನು ನೋಡಿಕೊಂಡು. ಹಗಲು ಬೆಳೆಯುವಷ್ಟು ದಿನ ಅದೂ ಬೆಳೆಯುತ್ತದೆ. ಅನ್ಸ್ರಾದ ಬೆಂಕಿ ಹೊತ್ತಿ ಹಗಲು ಕುಗ್ಗಿದ ಮೇಲೆ ಮೊಗ್ಗು ಹಿಡಿಯುತ್ತದೆ. ಎಲ್ಲೋ ಒಂದು ಗಿಡ ಅದಕ್ಕೆ ಮುಂಚೆಯೇ ಹೂಬಿಟ್ಟರೆ ಅದನ್ನು ‘ಅವಸರದವಳು’ ಎನ್ನುತ್ತೇವೆ. ಅದು ಕುಲಗೆಟ್ಟ ಗಿಡ, ಅದರ ಬೀಜ ಬೆರೆತರೆ ಮುಂದಿನ ವರ್ಷ ಕಣಿವೆಗೆ ಕಣಿವೆಯೇ ಮೊಳಕಾಲುದ್ದಕ್ಕೆ ನಿಲ್ಲುತ್ತದೆ ಎಂದು ಹಿರಿಯರ ಮಾತು. ಆದ್ದರಿಂದ ಅವಸರದವಳನ್ನು ಮೊದಲು ಕಂಡವರು ಕೀಳಬೇಕು. ಯಾರ ಹೊಲವಾದರೂ ಸರಿ, ಕೇಳುವಂತಿಲ್ಲ, ಕೇಳಿಸಿಕೊಳ್ಳುವಂತಿಲ್ಲ. ದಾರಿಯ ಮೇಲಿನ ಮುಳ್ಳು ತೆಗೆದಷ್ಟು ಪುಣ್ಯ ಎಂದು ಅಪ್ಪ ಹೇಳಿಕೊಟ್ಟಿದ್ದ.

ಜೂನ್ ತಿಂಗಳ ಮೊದಲ ಶುಕ್ರವಾರ. ಬೆಳಗಿನ ನಮಾಜು ಮುಗಿಸಿ ಕಾಲುವೆಯ ಬಾಯಿ ತಿರುಗಿಸಲು ಕೆಳಗಿನ ಹೊಲಕ್ಕೆ ಇಳಿದೆ. ಅಕ್ಕನ ಗಿಡಗಳು ನನ್ನ ಸೊಂಟದವರೆಗೆ ಬಂದಿದ್ದವು. ಎಲೆಯ ಬೆರಳುಗಳು ಸಣ್ಣ, ಉದ್ದ. ಗಿಡದಿಂದ ಗಿಡಕ್ಕೆ ಎರಡು ಮಾರು ಜಾಗ. ಇಷ್ಟು ದೂರ ದೂರ ಯಾರು ಬಿತ್ತುತ್ತಾರೆ ಎಂದುಕೊಂಡು ಹತ್ತಿರ ಹೋದೆ. ಗೆಣ್ಣುಗಳಲ್ಲಿ ಬಿಳಿಯ ಕೂದಲು. ಮುದುಕನ ಕಿವಿಯಲ್ಲಿ ಬೆಳೆಯುವಂಥ, ಎರಡೆರಡು ಎಳೆ. ಹೂ.

ಅನ್ಸ್ರಾಕ್ಕೆ ಇನ್ನೂ ಒಂದು ತಿಂಗಳಿತ್ತು.

ನಾನು ಬಿಸ್ಮಿಲ್ಲಾ ಎಂದು ಮೊದಲನೆಯದನ್ನು ಕಿತ್ತೆ. ಪಕ್ಕದ್ದೂ ಹಾಗೆಯೇ ಇತ್ತು. ಅದರ ಪಕ್ಕದ್ದೂ. ಒಂದು ಅವಸರದವಳನ್ನು ಕಂಡಿದ್ದೆ, ಎರಡನ್ನು ಕಂಡಿದ್ದೆ. ಒಂದು ಹೊಲಕ್ಕೆ ಹೊಲವೇ ಕೆಟ್ಟದ್ದನ್ನು ಕಂಡಿರಲಿಲ್ಲ. ಹೆದರಿಕೆಯಾಯಿತು. ಊರು ಏಳುವ ಮುಂಚೆ, ಅಕ್ಕನಿಗೆ ಕೆಟ್ಟ ಹೆಸರು ಬರುವ ಮುಂಚೆ ಮುಗಿಸಬೇಕೆಂದು ಬೇಗ ಬೇಗ ಕಿತ್ತೆ. ಮಣ್ಣು ಹಗುರವಾಗಿತ್ತು, ಯಾರೋ ಆಳಕ್ಕೆ ಅಗೆದು ಹಳೆಯ ಆಡಿನ ಗೊಬ್ಬರ ಬೆರೆಸಿದ್ದರು. ಬೇರು ತಕರಾರಿಲ್ಲದೆ ಕೈಗೆ ಬರುತ್ತಿತ್ತು.

ಮೇಲಿನ ಮೆಟ್ಟಿಲಿನಲ್ಲಿ ಅಕ್ಕ ಗುನುಗುವುದು ಕೇಳಿತು. ಬಿಂದಿಗೆ ಹೊತ್ತು ಇಳಿಯುತ್ತಿದ್ದಳು. ಗುನುಗು ನಿಂತಿತು. ನನ್ನ ಹೆಸರು ಹಿಡಿದು ಕರೆದಳು.

“ಬೂಜಿಯಾನ್.”

“ಅಕ್ಕ, ನೋಡ್ಬೇಡ. ಎಲ್ಲಾ ಅವಸರದವು. ಅವನು ಕೆಟ್ಟ ಬೀಜ ಕೊಟ್ಟಿದಾನೆ ನಿನಗೆ.”

ಅವಳು ಬಿಂದಿಗೆ ಇಳಿಸಿದಳು. ಬದುವಿನ ಮೇಲೆ ಕೂತಳು. ಕಿತ್ತು ಹಾಕಿದ್ದ ಗಿಡವೊಂದನ್ನು ತೊಡೆಯ ಮೇಲೆ ಎಳೆದುಕೊಂಡು, ಬೇರಿನ ಮಣ್ಣನ್ನು ಉದುರಿಸದೆ ಹಾಗೇ ಹಿಡಿದುಕೊಂಡಳು.

“ಎಷ್ಟು ಕಿತ್ತೆ?”

ಎಣಿಸಿದೆ. “ಇಪ್ಪತ್ತೆರಡು.”

“ಇವು ಸೂರ್ಯನ್ನ ನೋಡಲ್ಲ ಕಣೋ,” ಎಂದಳು. ಸಿಟ್ಟಿನ ದನಿಯಲ್ಲ, ದಣಿದ ದನಿ. “ಹುಟ್ಟಿದ ದಿನದಿಂದ ತಮ್ಮ ದಿನ ತಾವೇ ಎಣಿಸ್ಕೋತವೆ. ಮೂವತ್ತು, ಮೂವತ್ತೈದು ದಿನಕ್ಕೆ ಹೂ. ಆಮೇಲೂ ಬೆಳೀತಾನೇ ಇರ್ತವೆ. ಅವತ್ತು ಅಷ್ಟುದ್ದ ಹೇಳಿದ್ನಲ್ಲ ಆ ಮನುಷ್ಯ. ನೀನು ಪಕ್ಕದಲ್ಲೇ ಇದ್ದೆ.”

“ನಾನು... ಇನ್ನೊಂದ್ಸಲ ನೆಟ್ಟುಬಿಡ್ತೀನಿ. ಈಗಲೇ. ನೀರು ಹಾಕಿ...”

“ಕಿತ್ತು ನೆಟ್ರೆ ಬದುಕಲ್ಲ. ಗಾಯ ಮಾಯೋ ಅಷ್ಟು ಪುರುಸೊತ್ತು ಇವಕ್ಕಿಲ್ಲ.”

ಆಮೇಲೆ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಅವತ್ತು ಆಡಲಿಲ್ಲ, ಮರುದಿನ ಆಡಲಿಲ್ಲ, ಆ ವಾರ ಆಡಲಿಲ್ಲ.

*

ಊರಿನವರು ನನ್ನ ಬೆನ್ನು ತಟ್ಟಿದರು. “ಕಂಡೋನು ಕಿತ್ತ, ಅದ್ರಲ್ಲಿ ತಪ್ಪೇನು? ನಾನಿದ್ರೂ ಕೀಳ್ತಿದ್ದೆ,” ಎಂದರು ಮಸೀದಿಯ ಮುದುಕರು. ಅವರು ಹಾಗೆ ಹೇಳಿದಷ್ಟೂ ನನಗೆ ಊಟ ಇಳಿಯಲಿಲ್ಲ. ರೊಟ್ಟಿ ಎಂದಿನಂತೆ ನನ್ನ ಮುಂದೆ ಬಂದು ಕೂರುತ್ತಿತ್ತು, ಎಣ್ಣೆಯ ಬಟ್ಟಲು ಬರುತ್ತಿತ್ತು, ಅಕ್ಕನ ಕೈ ಬರುತ್ತಿತ್ತು. ಮಾತು ಬರುತ್ತಿರಲಿಲ್ಲ.

ಒಂದು ಸಂಜೆ ಪಠಣದ ನಡುವೆ ಒಂದು ವಾಕ್ಯದಿಂದ ಅದರಂತೆಯೇ ಇರುವ ಇನ್ನೊಂದಕ್ಕೆ ಜಾರಿಬಿಟ್ಟೆ. ನನಗೇ ಗೊತ್ತಾಗಲಿಲ್ಲ. ಗೋಡೆಯ ಆಚೆಯಿಂದ ಬಂತು: ಟಕ್, ಟಕ್.

ನಾನು ನಿಲ್ಲಿಸಿದೆ. ಹಿಂದಕ್ಕೆ ಹೋಗಿ ಸರಿಪಡಿಸಿಕೊಳ್ಳುವ ಮುಂಚೆ ಒಂದು ಗಳಿಗೆ ಕಣ್ಣು ಒರೆಸಿಕೊಳ್ಳಬೇಕಾಯಿತು. ಬೇಕೆಂದೇ ಇನ್ನೊಂದು ತಪ್ಪು ಮಾಡಿದರೆ ಇನ್ನೊಮ್ಮೆ ಬಡಿಯುತ್ತಾಳಲ್ಲ ಎನ್ನುವ ಆಸೆ ನಾಲಿಗೆಯ ತುದಿಗೆ ಬಂದಿತ್ತು. ದೇವರ ಮಾತಿನ ಜೊತೆ ಆಟವೇ ಎಂದು ನುಂಗಿಕೊಂಡೆ.

ನಮ್ಮ ಕಡೆ ಹೆಂಗಸರಿಗೆ ಇಜ್ರಾನ್ ಎಂಬ ಎರಡು ಸಾಲಿನ ಹಾಡಿದೆ. ಹೊಲದಲ್ಲಿ ಸಾಲಾಗಿ ಕೆಲಸ ಮಾಡುವಾಗ ಒಬ್ಬಳು ಎರಡು ಸಾಲು ಕಟ್ಟಿ ಹಾಡುತ್ತಾಳೆ, ಉಳಿದವರು ಎರಡನೆಯ ಸಾಲನ್ನು ಎತ್ತಿ ಮತ್ತೆ ಹಾಡುತ್ತಾರೆ. ಮಾತಿನಲ್ಲಿ ಆಡಲಾಗದ್ದನ್ನು ಅದರಲ್ಲಿ ಹಾಡಬಹುದು. ಗಂಡನ ಮೇಲಿನ ಸಿಟ್ಟು, ಅತ್ತೆಯ ಮೇಲಿನ ದೂರು, ಒಪ್ಪಿದ ಹುಡುಗ, ಒಪ್ಪದ ಹುಡುಗ. ಹೊಲದಲ್ಲಿ ಹಾಡಿದ್ದನ್ನು ಒಲೆಯ ಮುಂದೆ ಕೇಳುವಂತಿಲ್ಲ, ಅದು ಕಟ್ಟುನಿಟ್ಟು. ಜೂನ್ ನಡುವಿನಲ್ಲಿ ಮೇಲಿನ ಹೊಲದಲ್ಲಿ ಕಳೆ ಕೀಳುತ್ತಿದ್ದಾಗ, ಬೇಲಿಯಾಚೆಯ ದಾರಿಯಲ್ಲಿ ಹೋಗುತ್ತಿದ್ದ ನನಗೆ ಅಕ್ಕನ ದನಿ ಕೇಳಿತು.

“ಬೇರು ಸಮೇತ ಕಿತ್ತವನ ಕೈ ನೋಯದಿರಲಿ ದೇವರೇ,
ಆ ಕೈಗೆ ಮೊದಲ ತುತ್ತು ಎತ್ತಲು ಕಲಿಸಿದವಳು ನಾನೇ.”

ಹೆಂಗಸರು ಎರಡನೆಯ ಸಾಲು ಎತ್ತಿಕೊಂಡರು. ನಾನು ದಾರಿಯ ಕಲ್ಲಿನ ಮೇಲೆ ಕೂತುಬಿಟ್ಟೆ.

ರಬ್ಹಾ ಅಲ್ಲೇ ಇದ್ದವಳು ಸಂಜೆ ಮನೆಗೆ ಬಂದು ಚಹಾ ಕಾಯಿಸುತ್ತ ಗೊಣಗಿದಳು. “ಕೂತ್ಕೊಂಡು ಅತ್ರೆ ಗಿಡ ಹುಟ್ಟುತ್ತಾ? ಇನ್ನೂ ಹದಿನೆಂಟು ನಿಂತಿವೆ. ಬೀಜದ ವಿಷಯ ಗೊತ್ತಿರೋ ಮನುಷ್ಯ ಕಣಿವೆ ಆಚೆ ಇದಾನೆ. ನಿಮ್ಮ ಕಾಲಿಗೇನಾಗಿದೆ?”

“ಯಾವ ಮುಖ ಇಟ್ಕೊಂಡು ಹೋಗ್ಲಿ?”

“ಇರೋದೇ ಒಂದು. ಅದನ್ನೇ ತೊಳ್ಕೊಂಡು ಹೋಗಿ.”

*

ಅಲ್ಲಾಲ್ ಅಂಗಳದಲ್ಲಿ ಹೇಸರಗತ್ತೆಯ ಗೊರಸು ಕೆರೆಯುತ್ತಿದ್ದ. ನಾನು ಸಲಾಂ ಹೇಳಿ, ಕೂರದೆ, ನಿಂತೇ ಎಲ್ಲವನ್ನೂ ಹೇಳಿದೆ. ಇಪ್ಪತ್ತೆರಡು ಎಂದೂ ಹೇಳಿದೆ. ಅವನು ಗೊರಸನ್ನು ಮೆಲ್ಲಗೆ ಕೆಳಗಿಟ್ಟ.

“ಗೊತ್ತಾಯ್ತು ಸೀದಿ ಬೂಜಿಯಾನ್. ಕಣಿವೆಯಲ್ಲಿ ಸುದ್ದಿಗೆ ರೆಕ್ಕೆ. ನೀವು ಕಿತ್ತಿದ್ದು ಗಿಡ ತಾನೆ? ನನ್ನ ಗಡ್ಡ ಅಲ್ಲವಲ್ಲ.”

“ನಗ್ಬೇಡಿ.”

“ನಗ್ತಾ ಇಲ್ಲ. ನನ್ನ ಹೊಲದಲ್ಲಿ ಮೊದಲ ವರ್ಷ ಆ ಬೀಜ ಹಾಕ್ದಾಗ ನಮ್ಮ ಚಿಕ್ಕಪ್ಪ ಬಂದು ಹದಿನೈದು ಕಿತ್ತು, ನನಗೆ ಎರಡು ಬೈದು, ಪುಣ್ಯ ಕಟ್ಕೊಂಡು ಹೋದ್ರು. ಅದಕ್ಕೇ ಈಗ ಎಲ್ರ ಮನೆ ಬಾಗ್ಲಲ್ಲೂ ನಿಂತು ಅಷ್ಟುದ್ದ ಹೇಳೋದು.” ನನ್ನನ್ನು ನೋಡಿದ. “ಹೇಳ್ದಾಗ ಕೇಳಿಸ್ಕೊಂಡ್ರೆ.”

ನಾನು ತಲೆ ತಗ್ಗಿಸಿದೆ. ಅವನು ಒಳಗೆ ಹೋಗಿ ಪೊಟ್ಟಣ ತಂದ.

“ಇಪ್ಪತ್ತೆರಡಕ್ಕೆ ಇಪ್ಪತ್ತೈದು ಇದೆ. ಇವತ್ತು ಹಾಕಿದ್ರೂ ಆಗುತ್ತೆ.”

“ಈ ಹೊತ್ತಿನಲ್ಲಾ? ಅನ್ಸ್ರಾ ಬಂತಲ್ಲ. ಕಾಲ ಮುಗೀತು.”

“ಕಾಲ ಮುಗಿಯೋದು ನಮ್ಮ ಹಳೇ ಕೀಫ್‌ಗೆ. ಇದಕ್ಕೆ ಹಾಕಿದ ದಿನವೇ ಮೊದಲ ದಿನ. ಹಾಕೋ ಜಾಗದಲ್ಲೇ ಹಾಕಿ, ಎತ್ತಿ ನೆಡ್ಬೇಡಿ. ಮಣ್ಣು ಮೊಳಕೈ ಆಳ ಸಡಿಲ ಇರ್ಲಿ. ತುದಿ ಚಿವುಟ್ಬೇಡಿ. ನೀರು ಬೆಳಗ್ಗೆ, ಸ್ವಲ್ಪ, ದಿನಾ. ಬಿಸಿಲು ಎಷ್ಟು ಸಿಗುತ್ತೋ ಅಷ್ಟೂ ಕೊಡಿ. ಸೆಪ್ಟೆಂಬರಿಗೆ ಕೈಗೆ ಬರ್ತವೆ.” ಆಮೇಲೆ ಹೇಸರಗತ್ತೆಯ ಕಡೆ ನೋಡುತ್ತ ಹೇಳಿದ. “ಇನ್ನೊಂದು ವಿಷಯಕ್ಕೂ ಇದಕ್ಕೂ ಗಂಟು ಹಾಕ್ಬೇಡಿ. ಅವರು ಬೇಡ ಅಂದ್ರೂ ಬೀಜ ನಿಮ್ಮದೇ.”

ಈ ಸಲ ಅವನು ಹೇಳಿದ ಒಂದೊಂದು ಪದವನ್ನೂ ನಾನು ಪಾಠದಂತೆ ಅಲ್ಲೇ ತಿರುಗಿ ಒಪ್ಪಿಸಿದೆ. ಅವನು ಎರಡು ಕಡೆ ತಿದ್ದಿದ. ಇಳಿಜಾರು ಇಳಿದು ಬರುವಾಗ, ಅವನ ಮನೆಯ ಕಿಟಕಿ ಯಾವ ಕಡೆಗಿದೆ ಎಂದು ತಿರುಗಿ ನೋಡಿದೆ. ನಮ್ಮ ಊರಿನ ಬೆಟ್ಟಕ್ಕೆ ಬೆನ್ನು ಮಾಡಿ, ಆಚೆ ಕಡೆಗಿತ್ತು.

ಆವತ್ತೇ ಇಪ್ಪತ್ತೆರಡು ಗುಂಡಿಗಳನ್ನು ಹೊಸದಾಗಿ ಅಗೆದು ಬೀಜ ಇಟ್ಟೆ. ದಿನವೂ ಬಾಂಗು ಕೊಟ್ಟು ನಮಾಜು ಮುಗಿಸಿ ನೇರ ಕೆಳಗಿನ ಹೊಲಕ್ಕೆ ಇಳಿಯುವುದು ರೂಢಿಯಾಯಿತು. ಉಳಿದಿದ್ದ ಹದಿನೆಂಟು ಗಿಡಗಳು ನನ್ನ ಎದೆ ಮುಟ್ಟಿದವು, ಭುಜ ಮುಟ್ಟಿದವು. ಹೂಬಿಡುತ್ತಲೇ ಬೆಳೆದವು, ಒಂದು ಕೆಲಸಕ್ಕಾಗಿ ಇನ್ನೊಂದನ್ನು ನಿಲ್ಲಿಸಲಿಲ್ಲ. ಹೊಸ ಮೊಳಕೆಗಳಿಗೆ ಇಲಿ ಬಾರದಂತೆ ಸುತ್ತ ಮುಳ್ಳು ಊರಿದೆ. ಅಕ್ಕ ಕೆಲವು ದಿನ ಬದುವಿನ ಮೇಲೆ ನಿಂತು ನೋಡಿ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ನಾನು ನೀರು ಹೆಚ್ಚು ಸುರಿಯುತ್ತಿದ್ದೆ. ಮೇಲಿನಿಂದ ಟಕ್, ಟಕ್. ನನ್ನ ಕೈಯ ಕೊಡವನ್ನು ಎತ್ತಿ ಹಿಡಿದೆ. ತಿರುಗಿ ನೋಡುವಷ್ಟರಲ್ಲಿ ಅವಳು ಹೋಗಿಯಾಗಿತ್ತು.

*

ಅನ್ಸ್ರಾ ಬಂತು. ಬೆಳಿಗ್ಗೆಯೇ ಪ್ರತಿ ಹೊಲದ ಮೂಲೆಯಲ್ಲಿ ಹಸಿ ಪುದೀನ, ಹಸಿ ಹುಲ್ಲು ಹಾಕಿ ಹೊಗೆ ಎಬ್ಬಿಸಿದರು. ಗಿಡಕ್ಕೆ, ಮರಕ್ಕೆ, ಮಕ್ಕಳಿಗೆ ಆ ಹೊಗೆ ತಾಗಬೇಕು. ಕಣಿವೆಯ ಎರಡೂ ದಂಡೆಯ ಹೊಗೆ ನಡುವಿನಲ್ಲಿ ಸೇರಿತು.

ಅಕ್ಕ ಇನ್ನೂ ಏನೂ ಹೇಳಿರಲಿಲ್ಲ. ರಬ್ಹಾ ಎರಡು ಸಲ ಕೇಳಿ ಬೈಸಿಕೊಂಡಿದ್ದಳು.

ಹೊಗೆ ಇಳಿದ ಮೇಲೆ ಹೆಂಗಸರು ನಮ್ಮ ಮೇಲಿನ ಹೊಲಕ್ಕೆ, ಹೆಣ್ಣು ಗಿಡ ಬೀಜ ಕಟ್ಟದಿರಲೆಂದು ಗಂಡು ಗಿಡ ಕೀಳಲು ಬಂದರು. ಹತ್ತು ಹನ್ನೆರಡು ಜನ, ಕೆಂಪು ಬಿಳಿ ಪಟ್ಟೆಯ ಬಟ್ಟೆ ಸೊಂಟಕ್ಕೆ ಕಟ್ಟಿಕೊಂಡು ಸಾಲಾಗಿ. ನಾನು ಕೆಳಗಿನ ಹೊಲದಲ್ಲಿ ಅಕ್ಕನ ಗಿಡಗಳ ನಡುವೆ ಇದ್ದೆ. ಅವು ಈಗ ನನ್ನ ತಲೆಗಿಂತ ಗೇಣು ಮೇಲೆ. ಮೇಲಿನವರಿಗೆ ನಾನು ಕಾಣುತ್ತಿರಲಿಲ್ಲ. ಅವರೂ ನನಗೆ ಕಾಣುತ್ತಿರಲಿಲ್ಲ. ಕೇಳುತ್ತಿತ್ತು.

ಯಾರೋ ಒಬ್ಬ ಹುಡುಗಿ ಗಂಡು ಗಿಡಗಳ ಮೇಲೆ ಎರಡು ಸಾಲು ಹಾಡಿ ನಗಿಸಿದಳು. ಆಮೇಲೆ ಒಬ್ಬ ಹೆಂಗಸು ಕೇಳಿದಳು, “ಏ ತಮೀಮುಂತ್, ಅನ್ಸ್ರಾ ಬಂತು, ಹೊಗೆನೂ ಆಯ್ತು. ಕಣಿವೆ ಆಚೆ ಒಬ್ರು ಕಾದು ಕಾದು ಗಡ್ಡ ಪೂರಾ ಬೆಳ್ಳಗಾಯ್ತಂತೆ. ಏನಾದ್ರೂ ಹೇಳೇ!”

ಆಮೇಲೆ ಅಕ್ಕ ಹಾಡಿದಳು.

“ಆಚೆ ದಂಡೆಗೆ ದಾರಿಯುಂಟು, ಕಾಲಲ್ಲಿ ಬಲವುಂಟು,
ಈಚೆ ಓದುವವನು ತಪ್ಪಿದರೆ ಗೋಡೆಗೆ ಕಿವಿಯೆಲ್ಲುಂಟು?”

ಹೆಂಗಸರು ಎರಡನೆಯ ಸಾಲು ಎತ್ತಲಿಲ್ಲ. ಒಬ್ಬಿಬ್ಬರು ಶುರುಮಾಡಿ ನಿಲ್ಲಿಸಿಬಿಟ್ಟರು.

ನನಗೆ ಆಗ ಅರ್ಥವಾಯಿತು. ಇಪ್ಪತ್ತೆರಡು ಗಿಡಗಳನ್ನು ಅವಳು ಯಾವಾಗಲೋ ಕ್ಷಮಿಸಿದ್ದಳು. ಅವಳನ್ನು ಹಿಡಿದು ನಿಲ್ಲಿಸಿದ್ದು ಆ ಶುಕ್ರವಾರವಲ್ಲ. ಮೂವತ್ತೇಳು ವರ್ಷಗಳಿಂದ ಆ ಗೋಡೆಯ ಬದಿಗೆ ಅವಳನ್ನು ನೆಟ್ಟವನು ನಾನು; ಪ್ರತಿ ಸಲ ತಪ್ಪಿದಾಗಲೂ ಅವಳ ಬಡಿತಕ್ಕೆ ಕಾದು, ನಾನಾಗಿ ತಿದ್ದಿಕೊಳ್ಳುವುದನ್ನು ಕಲಿಯದೆ ಹೋದವನು.

ಬಾಂಗು ಕೊಡುವ ಗಂಡಸು ಹೆಂಗಸರ ಹಾಡು ಹಾಡುವುದುಂಟೇ? ನಮ್ಮ ಊರಿನಲ್ಲಿ ಇಲ್ಲ, ಕಣಿವೆಯಲ್ಲೇ ಇಲ್ಲ. ಒಲೆಯ ಮುಂದೆ ಕೂತು ಹೇಳೋಣವೆಂದರೆ ಅವಳು ಹಾಡಿದ್ದು ನನಗೆ ಕೇಳಿಸಿಯೇ ಇಲ್ಲವೆಂದು ಇರಬೇಕು, ಅದು ಕಟ್ಟಳೆ. ಹೊಲದಲ್ಲಿ ಹಾಡಿದ್ದಕ್ಕೆ ಹೊಲದಲ್ಲೇ ಉತ್ತರ. ಗಿಡಗಳು ನನ್ನನ್ನು ಮುಚ್ಚಿಕೊಂಡು ನಿಂತಿದ್ದವು. ದೇವರನ್ನು ನೆನೆದು, ಕಿವಿಗೆ ಕೈ ಹಚ್ಚಿಕೊಂಡು — ಅಭ್ಯಾಸಬಲ — ದನಿ ಎತ್ತಿದೆ.

“ದಿನವ ತಾನೇ ಎಣಿಸೋ ಗಿಡಕೆ ಸೂರ್ಯನ ಅಪ್ಪಣೆ ಯಾಕೆ?
ತಪ್ಪಿದರೆ ನಾ ತಿದ್ದಿಕೊಳ್ಳುವೆ, ನೀ ನಿಂತು ಕಾಯೋದು ಯಾಕೆ?”

ಮೇಲೆ ಯಾರ ಕೈಯಿಂದಲೋ ಕುಡುಗೋಲು ಕಲ್ಲಿನ ಮೇಲೆ ಬಿತ್ತು.

“ಯಾ ಅಲ್ಲಾ,” ಎಂದಳು ಒಬ್ಬಳು, “ಇದು ನಮ್ಮ ಮಸೀದಿ ದನಿ ಅಲ್ವಾ?”

ಟಕ್, ಟಕ್.

ಅಕ್ಕ ನೀರಿಗೆಂದು ಹೊಲಕ್ಕೆ ತಂದಿದ್ದ ಬಿಂದಿಗೆ. ಎಲ್ಲಿ ತಪ್ಪಿದೆನೆಂದು ಹುಡುಕಿದೆ. ಸಿಕ್ಕಿತು: ಎರಡನೆಯ ಸಾಲನ್ನು ಎರಡು ಸಲ ಹಾಡಬೇಕು, ಕೇಳಿದವರು ಎತ್ತಿಕೊಳ್ಳಲು. ನಾನು ಒಂದೇ ಸಲ ಹಾಡಿ ನಿಲ್ಲಿಸಿದ್ದೆ. ಮತ್ತೆ ಹಾಡಿದೆ. ಈ ಸಲ ಹನ್ನೆರಡು ಹೆಂಗಸರೂ ಅದನ್ನು ಎತ್ತಿಕೊಂಡರು. ನಗು ತಡೆಯಲಾರದೆ ಅರ್ಧ ಹಾಡಿ, ಅರ್ಧ ಕೂಗಿದರು. ನಾಲಿಗೆ ಹೊರಳಿಸಿ ಮದುವೆಮನೆಯ ಕೇಕೆ ಹಾಕಿದವಳು ಯಾರೆಂದು ನನಗೆ ಗೊತ್ತು, ರಬ್ಹಾ. ಅವಳದೇ ಎಲ್ಲಕ್ಕಿಂತ ಗಟ್ಟಿ.

ಗದ್ದಲ ಅಡಗಿದ ಮೇಲೆ ಅಕ್ಕ ಹಾಡಿದಳು. ದನಿ ಮೊದಲ ಪದದಲ್ಲಿ ಒಡೆಯಿತು, ಆಮೇಲೆ ಕೂಡಿಕೊಂಡಿತು.

“ಹೊಳೆಯಾಚೆ ಮನೆಯ ಕಿಟಕಿಯೊಂದು ಬೆಟ್ಟದ ಕಡೆಗೆ ಇರಲಿ,
ಮುಂಜಾನೆ ನನ್ನ ತಮ್ಮನ ಬಾಂಗು ತಪ್ಪದೆ ಅಲ್ಲಿಗೂ ಬರಲಿ.”

ಸಂಜೆ ಊಟಕ್ಕೆ ಕೂತಾಗ ಆ ಬಗ್ಗೆ ಯಾರೂ ಒಂದು ಮಾತು ಎತ್ತಲಿಲ್ಲ. ಅಕ್ಕ ರೊಟ್ಟಿ ಮುರಿದು ನನ್ನ ಮುಂದಿಟ್ಟು, “ಎಣ್ಣೆ ಸಾಕಾ, ಇನ್ನೂ ಹಾಕ್ಲಾ?” ಎಂದು ಕೇಳಿದಳು. ಮೂವತ್ತಕ್ಕೂ ಹೆಚ್ಚು ದಿನಗಳ ಮೇಲೆ ಅವಳಾಡಿದ ಮೊದಲ ಮಾತು ಅದು. ಸಾಕಾಗಿತ್ತು. ಇನ್ನೂ ಹಾಕು ಎಂದೆ.

*

ಹದಿನೆಂಟು ಗಿಡಗಳನ್ನು ಜುಲೈ ಕೊನೆ ವಾರದಲ್ಲಿ ಕೊಯ್ದೆವು. ಎಣಿಸಲು ಬಂದ ಅಧಿಕಾರಿ ಉಳಿದ ಇಪ್ಪತ್ತೆರಡರ ಮುಂದೆ ನಿಂತು, ಇವು ಯಾಕೆ ಇಷ್ಟು ಚಿಕ್ಕವು ಎಂದು ಕೇಳಿದ. “ಇವು ನನ್ನ ತಮ್ಮನವು, ತಡವಾಗಿ ಹುಟ್ಟಿದ್ದು,” ಎಂದಳು ಅಕ್ಕ. ಅವು ಸೆಪ್ಟೆಂಬರಿನಲ್ಲಿ ತಮ್ಮ ದಿನ ಮುಗಿಸಿದವು. ಎತ್ತರದಲ್ಲಿ ಮೊದಲಿನವಕ್ಕಿಂತ ಮೊಳ ಕಡಿಮೆ, ಹೂವಿನಲ್ಲಿ ಏನೂ ಕಡಿಮೆಯಿರಲಿಲ್ಲ. ಮರುವಾರ ಮದುವೆ. ಅಲ್ಲಾಲ್ ಮೂರು ದಿನ ಮುಂಚೆ ಗೋಡೆ ಒಡೆದು, ನಮ್ಮ ಬೆಟ್ಟದ ಕಡೆಗೆ ಕಿಟಕಿ ಕೂರಿಸಿದ್ದ. ಗಾರೆ ಇನ್ನೂ ಹಸಿಯಿತ್ತು.

ಹೋಗುವ ದಿನ ಅಕ್ಕ ತಾಮ್ರದ ಬಿಂದಿಗೆಯನ್ನು ತೆಗೆದುಕೊಳ್ಳಲಿಲ್ಲ. ಉಜ್ಜಿ, ಗೋಡೆಯ ಬದಿಯಲ್ಲಿ ತನ್ನ ಜಾಗದಲ್ಲೇ ಕವುಚಿಟ್ಟಳು.

ಮರುದಿನ ಮುಂಜಾನೆ ನಾನು ಬಾಂಗಿಗೆ ನಿಂತೆ. ಕಣಿವೆಯ ತುಂಬ ಮಂಜು. ಆಚೆ ದಂಡೆ ಕಾಣಲಿಲ್ಲ. ಆ ಕಿಟಕಿಯವರೆಗೆ ಮುಟ್ಟಲೆಂದು ಎಂದಿಗಿಂತ ದನಿ ಎತ್ತಿ ಕೂಗಿದೆ. ಮುಂಜಾನೆಯ ಬಾಂಗಿನಲ್ಲಿ ಮಾತ್ರ ಬರುವ ಒಂದು ವಾಕ್ಯವಿದೆ, ನಿದ್ದೆಗಿಂತ ನಮಾಜು ಮೇಲು ಎಂದು. ಇಪ್ಪತ್ತು ವರ್ಷ ಕೂಗಿದವನು ಅದನ್ನು ಬಿಟ್ಟು ಮುಂದಿನದಕ್ಕೆ ಬಾಯಿ ತೆರೆದಿದ್ದೆ. ಏನೋ ತಪ್ಪಿತು ಎಂದು ಗೊತ್ತಾಯಿತು. ರೂಢಿಯಂತೆ ನಿಂತೆ, ಕಿವಿಗೊಟ್ಟೆ.

ಗೋಡೆಯಿಂದ ಏನೂ ಬರಲಿಲ್ಲ. ಹೊಳೆಯ ಸದ್ದು, ಎಲ್ಲೋ ಒಂದು ಕೋಳಿ.

ನಾನಾಗಿ ಹಿಂದಕ್ಕೆ ಹೋದೆ. ವಾಕ್ಯ ಸಿಕ್ಕಿತು. ಕೂಗಿದೆ, ಎರಡು ಸಲ, ಇರಬೇಕಾದ ಹಾಗೆ.

ಆಮೇಲೆ, ಎಲ್ಲಾ ಸರಿಯಾಗಿ ಮುಂದೆ ಸಾಗಿದ ಮೇಲೆ, ನಮ್ಮ ಮನೆಯೊಳಗಿಂದ ಸದ್ದು ಬಂತು. ಟಣ್, ಟಣ್, ಟಣ್. ತಡವಾಗಿ, ಜೋರಾಗಿ, ಬೇಕಿದ್ದಕ್ಕಿಂತ ಒಂದು ಹೆಚ್ಚು. ರಬ್ಹಾ ಅಕ್ಕನ ಬಿಂದಿಗೆಯನ್ನು ಸೌಟಿನಿಂದ ಬಡಿಯುತ್ತಿದ್ದಳು.